ಕುಳಿಗೆ ತಂದ ಗಾಳ

ತಾಯಿಫ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಭಟ್ಕಳದ ಯಾಸೀನ್ ಭಾಯಿ, ಅಲ್ ವಹಬಾ ನೋಡಲು ನನ್ನ ಜೊತೆ ಗಾಳ ಹಿಡಿದುಕೊಂಡೇ ಹೊರಟರು. ಅದು ಮರುಭೂಮಿಯ ನಡುವಿನ, ಆರಿದ ಜ್ವಾಲಾಮುಖಿಯ ಕುಳಿ. "ತಳದಲ್ಲಿ ಕೆರೆ ಉಂಟಂತೆ. ಮೀನಿಲ್ಲದೆ ಇರ್ತದಾ?"

ಅಂಚಿನಲ್ಲಿ ನಿಂತಾಗ ನನಗೂ ಕೆಳಗೆ ನೀರೇ ಹೊಳೆದಂತೆ ಕಂಡಿತು. ಕರಾವಳಿಯವರು ನಾವು, ನೀರೆಂದರೆ ಕೆಳಗೇ ಹುಡುಕುವವರು. ಇಳಿಯುವ ಅರ್ಧದಾರಿಯಲ್ಲಿ ಒಂದಿಷ್ಟು ಖರ್ಜೂರದ ಮರಗಳು ಸಿಕ್ಕವು. ಅವುಗಳ ನೆರಳಲ್ಲಿ ಸ್ವಲ್ಪ ಕೂತು, ಕರಿಕಲ್ಲುಗಳ ಮೇಲೆ ಜಾರುತ್ತ ತಳಕ್ಕಿಳಿದೆವು.

ಅಲ್ಲಿ ಒಂದು ಹನಿ ನೀರಿರಲಿಲ್ಲ. ಹೊಳೆದದ್ದು ಉಪ್ಪಿನಂಥ ಬಿಳಿ ಪದರ. ಬಿರುಕು ಬಿಟ್ಟು, ಕಾಲಿಟ್ಟಲ್ಲಿ ಪುಡಿಯಾಗುತ್ತಿತ್ತು. ನಮ್ಮ ಬಾಟಲಿಯೂ ಖಾಲಿ.

"ಎಂತ ಮಾರಾಯ್ರೆ ಇದು! ನಮಾಜಿಗೆ ಕೈಕಾಲು ತೊಳೆಯಲಿಕ್ಕೂ ನೀರಿಲ್ಲ" ಎಂದು ಭಾಯಿ ಗಾಳ ಸುತ್ತಿಟ್ಟರು.

ಹತ್ತುವಾಗ ಗಂಟಲು ಒಣಗಿ, ಅದೇ ಮರಗಳ ಕೆಳಗೆ ಕುಸಿದು ಕೂತೆ. ಏಳಲೆಂದು ಹಿಂದಿನ ಬಂಡೆಗೆ ಕೈ ಊರಿದರೆ ಅಂಗೈ ಒದ್ದೆಯಾಯಿತು. ಬಿರುಕಿನಿಂದ ನೀರು ಸಣ್ಣಗೆ ಜಿನುಗುತ್ತಿತ್ತು.

"ಗಾಳ ಹಾಕುವನಾ?" ಎಂದೆ.

"ಸುಮ್ನಿರಿ, ಮೊದಲು ಕುಡೀರಿ" ಎಂದು ಭಾಯಿ ಬಾಟಲಿಯನ್ನು ಬಿರುಕಿಗೆ ಹಿಡಿದರು.

ಇಳಿಯುವಾಗ ಇದೇ ಬಂಡೆಗೆ ಬೆನ್ನು ಹಾಕಿ ಕೂತು, ನಾವಿಬ್ಬರೂ ಕೆಳಗಿನ ಕೆರೆಯನ್ನೇ ನೋಡುತ್ತಿದ್ದೆವು.