ಉಚ್ಚೆ ವಿಚಾರಿಸುವ ಪಿಳ್ಳಮ್ಮ

ಪಿಳ್ಳಮ್ಮನನ್ನು ನಾನು ಮೊದಲು ನೋಡಿದ್ದು ದೊಡ್ಡಬೆಳವಂಗಲದಲ್ಲಿ, ಅಕ್ಕನ ಮಗುವಿಗೆ ಭೇದಿ ಶುರುವಾದ ಎರಡನೆಯ ದಿನ. ಕೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುವ ಈ ಅಜ್ಜಿ ಯಾರ ಕ್ಷೇಮವನ್ನೂ ಕೇಳುವುದಿಲ್ಲ, ಹೊಸ್ತಿಲಲ್ಲೇ ನಿಂತು, "ಉಚ್ಚೆ ಹುಯ್ದು ಎಷ್ಟೊತ್ತಾಯ್ತವ್ವಾ?" ಎನ್ನುತ್ತಾಳೆ. ಮದುವೆ ಊಟದ ಎಲೆಯ ಮುಂದೆ ಕೂತೂ ಪಕ್ಕದವಳ ಮಗುವಿನ ಕಕ್ಕದ ಬಣ್ಣ ವಿಚಾರಿಸುತ್ತಾಳೆ. ಭೇದಿಯಾದವರಿಗೆ ನೀರಲ್ಲಿ ಕರಗಿಸಿ ಕುಡಿಸುವ ಓಆರ್‌ಎಸ್ ಪುಡಿಯ ಪೊಟ್ಟಣಗಳು ಅವಳ ಎಲೆಅಡಿಕೆ ಚೀಲದಲ್ಲೇ ಇರುತ್ತವೆ. ಅಂದು ಪೊಟ್ಟಣ ಕರಗಿಸಿದ ನೀರನ್ನು ಅವಳು ಮಗುವಿಗೆ ಚಮಚದಲ್ಲಿ ಕುಡಿಸುತ್ತಿದ್ದಾಗ ಅಕ್ಕ, "ನೀರು ಕೊಟ್ರೆ ಭೇದಿ ಜಾಸ್ತಿಯಾಗಲ್ವಾ ಅಜ್ಜಿ?" ಎಂದಳು. ಪಿಳ್ಳಮ್ಮ ಚಮಚ ಕೆಳಗಿಡಲಿಲ್ಲ. "ಹಂಗಂತ ಊರಿಗೆಲ್ಲ ಹೇಳ್ಕೊಟ್ಟೋಳು ನಾನೇ ಕಣವ್ವಾ. ನನ್ನ ಮಾತು ಕೇಳಿ ನನ್ನ ಮಗಳು ಅವಳ ಮಗೀಗೆ ನೀರು ನಿಲ್ಲಿಸಿದ್ಲು. ಮೂರನೇ ದಿನ ಮಣ್ಣು ಮಾಡಿದ್ವಿ." ಸಂಜೆ ಹೊತ್ತಿಗೆ ಅಕ್ಕನ ಮಗು ಉಚ್ಚೆ ಹುಯ್ದಿತು. "ಮೈಯಾಗೆ ನೀರು ನಿಂತೈತೆ ಕಣವ್ವಾ" ಎಂದಳು ಪಿಳ್ಳಮ್ಮ. ಈಗ ಪಿಳ್ಳಮ್ಮ, ತಾನು ನೀರು ಹಾಕಿದ ಪ್ರತಿ ಕೂಸಿನ ತಾಯಿಯೂ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಕರಗಿಸುವುದನ್ನು ಕಣ್ಣಾರೆ ನೋಡಿ, ಆಮೇಲೆ ಮನೆಗೆ ಹೋಗುತ್ತಾಳೆ.