ಸಾದಾ ನೀರಿನ ಡ್ರಮ್ಮು

ಹಾಸ್ಟೆಲಿನ ಗಂಟೆಗೆ ಎದ್ದು ಬೆಳೆದವಳು ನಾನು. ಆಮೇಲೆ ಮೂವತ್ತು ವರ್ಷ ಕಂಟೋನ್ಮೆಂಟಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ನಿವೃತ್ತಿಯಾದ ಮೇಲೂ ಐದೂವರೆಗೇ ಎಚ್ಚರವಾಗುತ್ತದೆ. ಹಾಗಾಗಿ ಗರುಡಾಚಾರ್‌ಪಾಳ್ಯದ ಸಣ್ಣ ಪ್ರಯೋಗಾಲಯದಲ್ಲಿ ಮೀನು ನೋಡಿಕೊಳ್ಳುವ ಕೆಲಸ ಸಿಕ್ಕಾಗ, ರಾಮಮೂರ್ತಿ ನಗರದಿಂದ ಬೆಳಗಿನ ಬಸ್ಸು ಹಿಡಿಯುವುದು ಹಿತವಾಗಿಯೇ ಇತ್ತು.

ಮೀನುಗಳು ಕಿರುಬೆರಳಿಗಿಂತ ಚಿಕ್ಕವು, ಮೈಮೇಲೆ ನೀಲಿ ಪಟ್ಟೆ. ಎಂಟಕ್ಕೆ ದೀಪ, ಎಂಟೂಕಾಲಿಗೆ ಊಟ, ಆಮೇಲೆ ಡ್ರಮ್ಮುಗಳಲ್ಲಿ ತುಂಬಿಟ್ಟ ನೀರಿನಿಂದ ತೊಟ್ಟಿಗಳ ನೀರು ಬದಲಿಸುವುದು. ಭಾನುವಾರವೂ ಅಷ್ಟೆ. ಪ್ರಯೋಗ ನಡೆಸುತ್ತಿದ್ದವಳು ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಅವಳಿಗೆ ನಾನು ಸಿಸ್ಟರ್, ನನಗೆ ಅವಳು ಡಾಕ್ಟ್ರಮ್ಮ. ಮನೆಗಳಿಂದ ಹರಿದು ಕೆರೆ ಸೇರುವ ನೀರಿನಲ್ಲಿ ಹೆಣ್ಣಿನ ಹಾರ್ಮೋನಿನಂತೆ ವರ್ತಿಸುವ ರಾಸಾಯನಿಕಗಳಿವೆಯೇ ಎಂಬುದು ಅವಳ ಪ್ರಶ್ನೆ. ಅಂಥ ನೀರಿನಲ್ಲಿ ಗಂಡು ಮೀನನ್ನು ಮೂರು ವಾರ ಇಟ್ಟರೆ, ಹೆಣ್ಣು ಮೀನು ಮೊಟ್ಟೆಗಾಗಿ ತಯಾರಿಸುವ ಪ್ರೋಟೀನು ಗಂಡಿನ ರಕ್ತದಲ್ಲೂ ಕಾಣುತ್ತದೆ. ಹೋಲಿಸಿ ನೋಡಲು ಪಕ್ಕದ ತೊಟ್ಟಿಯ ಗಂಡುಗಳಿಗೆ ಸಾದಾ ನೀರು. ಅದನ್ನು ಕಂಟ್ರೋಲ್ ಎನ್ನುತ್ತಾರೆ. ಅವುಗಳಲ್ಲಿ ಅದು ಕಾಣಬಾರದು.

ಕಂಡಿತು.

"ಸಿಸ್ಟರ್, ಕಂಟ್ರೋಲೇ ಹೋಗ್ಬಿಡ್ತು," ಎಂದು ಅವಳು ಸ್ಟೂಲಿನ ಮೇಲೆ ಕುಸಿದಳು. "ಕಾರಣ ಗೊತ್ತಾಗ್ದಿದ್ರೆ ನನ್ ಥೀಸಿಸ್ ಯಾರ್ ನಂಬ್ತಾರೆ?"

"ಅಳೋದು ಆಮೇಲೆ. ಮೊದ್ಲು ಬುಕ್ ನೋಡು," ಎಂದೆ.

ದಿನದ ಕೆಲಸವನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ, ಥಿಯೇಟರಿನ ಅಭ್ಯಾಸ. ಅವಳು ಬೆರಳಿಟ್ಟು ಓದುತ್ತಾ ಹೋದಳು. ಒಂದು ಸಾಲಿನಲ್ಲಿ ಬೆರಳು ನಿಂತಿತು.

"'ಸಾದಾ ನೀರಿನ ಡ್ರಮ್ಮು ತೊಳೆದೆ.' ಯಾವ್ದ್ರಲ್ಲಿ ಸಿಸ್ಟರ್?"

"ಸೋಪ್ ಆಯಿಲಲ್ಲಿ. ದಿನಾ."

"ದಿನಾನಾ? ಬರೀ ಬಿಸಿನೀರು ಅಂದಿದ್ನಲ್ಲ!"

ಅಂದಿದ್ದಳು. ನಾನು ಕೇಳಿಸಿಕೊಂಡೂ ಇದ್ದೆ. ಆದರೆ ಸೋಪು ಕಾಣದ ಪಾತ್ರೆ ನನ್ನ ಕಣ್ಣಿಗೆ ತೊಳೆದಂತೆಯೇ ಅಲ್ಲ. ಕೆರೆ ನೀರಿನ ಡ್ರಮ್ಮು ಹೇಗೂ ಕೊಳಕು, ಇದಾದರೂ ಥಳಥಳ ಇರಲಿ ಎಂದು, ನಮ್ಮ ಬೀದಿಗೆ ಫಿನಾಯಿಲ್ ಮಾರಲು ಬರುವವನಿಂದ ಒಂದು ಕ್ಯಾನ್ ಸೋಪ್ ಆಯಿಲ್ ಕೊಂಡು ಒಯ್ದಿದ್ದೆ. ಕೆಲವು ಸೋಪುಗಳಲ್ಲಿ ತಾನು ಹುಡುಕುತ್ತಿರುವಂಥ ರಾಸಾಯನಿಕವೇ ಇರುತ್ತದೆಂದು ಅವಳು ಹೇಳಿದಾಗ ಕಿವಿ ಬಿಸಿಯಾಯಿತು.

"ತಪ್ಪು ನಂದು. ನಿನ್ ಗೈಡ್ ಹತ್ರ ನಾನೇ ಹೇಳ್ತೀನಿ."

"ಹೇಳಿ. ಆದ್ರೆ ಆ ಕ್ಯಾನ್ ಎಸೀಬೇಡಿ," ಎಂದು ಕಣ್ಣೊರೆಸಿಕೊಂಡಳು. "ಅದೂ ಒಂದು ತೊಟ್ಟಿಗೆ ಬೇಕು."

ಅವಳ ಗೈಡ್ ನನ್ನ ಮಾತನ್ನು ಪೂರ್ತಿ ಕೇಳಿ, ಬುಕ್ಕಿನ ಆ ಪುಟ ನೋಡಿ, ಪ್ರಯೋಗವನ್ನು ಮತ್ತೆ ಮಾಡಲು ಒಪ್ಪಿದರು. ಈ ಸಲ ನೀರಿಗೆ ಡ್ರಮ್ಮಿನ ಬದಲು ಗಾಜಿನ ಜಾಡಿಗಳು. ಒಂದು ತೊಟ್ಟಿಗೆ ಕೆರೆ ನೀರು, ಒಂದಕ್ಕೆ ಸಾದಾ, ಮೂರನೆಯದಕ್ಕೆ ಸಾದಾ ನೀರಿನಲ್ಲಿ ನನ್ನ ಸೋಪ್ ಆಯಿಲಿನ ಒಂದೆರಡು ಹನಿ. ಬುಕ್ಕಿನಲ್ಲಿ 'ಬಿಸಿನೀರಿನಲ್ಲಿ ಮಾತ್ರ ತೊಳೆದೆ' ಎಂದು ನಾನು ಬರೆದ ಪ್ರತಿ ಸಾಲಿಗೂ ಅವಳು ರುಜು ಹಾಕಬೇಕೆಂದು ಹಟ ಹಿಡಿದೆ. ಥಿಯೇಟರಿನಲ್ಲೂ, ರೋಗಿಯ ಹೊಟ್ಟೆಯೊಳಗೆ ಏನೂ ಉಳಿಯದಿರಲೆಂದು, ಹತ್ತಿಯನ್ನು ಇಬ್ಬರು ಸೇರಿಯೇ ಎಣಿಸುತ್ತಿದ್ದುದು.

ಮೂರು ವಾರದ ಮೇಲೆ ಕೆರೆ ನೀರಿನ ಗಂಡುಗಳಲ್ಲಿ ಆ ಪ್ರೋಟೀನು ಇತ್ತು, ಸೋಪಿನ ತೊಟ್ಟಿಯಲ್ಲೂ ಇತ್ತು. ಸಾದಾ ನೀರಿನವುಗಳಲ್ಲಿ ಇರಲಿಲ್ಲ. "ಸಿಸ್ಟರ್, ನಿಮ್ ಕ್ಯಾನ್‌ಗೆ ಥೀಸಿಸ್‌ನಲ್ಲಿ ಒಂದು ಅಧ್ಯಾಯ," ಎಂದಳು.

"ಅದಿರ್ಲಿ. ಇವತ್ತಿನ ಸಾಲಿಗೆ ರುಜು ಹಾಕಿಲ್ಲ ನೀನು," ಎಂದು ಪೆನ್ನು ಕೊಟ್ಟೆ.