ಉತ್ತರಕ್ಕೆ ಹಿನ್ನೀರು

ಇದರಲ್ಲಿ ಕೆಲವು ತಪ್ಪಿರಬಹುದು. ಅಣೆಕಟ್ಟಿನ ಹಿನ್ನೀರು ಬೀಳಗಿ ಕಡೆಯ ನಮ್ಮ ಹೊಲಗಳ ಅಂಚಿಗೆ ಬಂದು ನಿಂತ ಮೂರನೆಯ ವರ್ಷವೋ ನಾಲ್ಕನೆಯದೋ, ಖಾತ್ರಿಯಿಲ್ಲ. ಅಂದು ನಮ್ಮ ಸೋದರತ್ತಿ ಹಸಿರು ಇಳಕಲ್ ಸೀರೆ ಉಟ್ಟಿದ್ದಳೆಂದು ನೆನಪು. ಆದರೆ ಆಗಲೇ ಗಂಡನನ್ನು ಕಳೆದುಕೊಂಡವಳು, ಹಸಿರು ಉಟ್ಟಿರಲಾರಳು. ಅವಳ ಹೊಲದ ಖರೀದಿ ಪತ್ರ ಓದಿದ್ದು ನಾನು ಎಂಬುದು ಮಾತ್ರ ಖರೆ.

ಅತ್ತಿಯ ಕೆಳಗಿನ ಹೊಲ ಮುಳುಗಡೆಗೆ ಹೋಗಿ ಮೇಲಿನ ಎರಡೆಕರೆ ಉಳಿದಿತ್ತು. ಅದಕ್ಕೆ ಮುಧೋಳದಿಂದ ಗಿರಾಕಿಯನ್ನು ಕರೆತಂದವರು ಅವಳ ತಮ್ಮ, ನಮ್ಮ ಕಾಕಾ. ನೀರಿನ ಮಗ್ಗುಲಿಗೆ ತೋಟದ ಮನೆ ಕಟ್ಟುವ ಆಸೆ ಆ ಗಿರಾಕಿಯದು. ಅತ್ತಿ ಹಾಕಿದ್ದು ಒಂದೇ ಶರತ್ತು. ಬೇಸಿಗೆಗೆ ನೀರು ಇಳಿದಾಗ ಅವಳ ಮುಳುಗಿದ ಹೊಲ ಮೇಲೇಳುತ್ತಿತ್ತು. ಆ ಹಸಿ ಮಣ್ಣಿನಲ್ಲಿ ಸವತಿಕಾಯಿ, ಕಲ್ಲಂಗಡಿ ಹಾಕುತ್ತಿದ್ದಳು. ಮಾರಿದ ಹೊಲದೊಳಗಿಂದ ಅಲ್ಲಿಗೆ ಇಳಿಯಲು ದಾರಿ ಬಿಡಬೇಕು. ಗಿರಾಕಿ ಹೂಂ ಅಂದರು, ಕಾಕಾ ಚಹಾ ತರಿಸಿದರು.

ಖರೀದಿ ಪತ್ರ ಓದಿ ಹೇಳುವುದು ನನ್ನ ಪಾಲಿಗೆ ಬಂತು, ಧಾರವಾಡದಲ್ಲಿ ಎಂ.ಎ. ಮುಗಿಸಿದವಳಲ್ಲವೇ. ಚಕ್ಕುಬಂದಿ ಓದಿದೆ: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥವರದು, ಉತ್ತರಕ್ಕೆ ಹಿನ್ನೀರು. ಆಮೇಲೆ ‘ಜಲ, ತರು, ಪಾಷಾಣ, ನಿಧಿ ನಿಕ್ಷೇಪ ಸಹಿತ’.

ಅತ್ತಿ ತಡೆದಳು. “ಜಲ ಅಂದ್ರ ನೀರಲ್ಲೇನ ಬೇ? ನೀರೂ ಬರಕೊಟ್ಟಂಗಾತಲ್ಲ.”

“ಅದು ಎಲ್ಲಾ ಪತ್ರದಾಗೂ ಇರತೈತಿ ಅತ್ತಿ. ಮಂತ್ರ ಇದ್ದಂಗ.”

“ಮಂತ್ರ ಅಂದ ಮ್ಯಾಗ ಲಗ್ನ ಆತು ಅಂತಲ್ಲೇನು?”

ಎಲ್ಲರೂ ನಕ್ಕೆವು. ಅವಳು ಹೆಬ್ಬೆಟ್ಟು ಒತ್ತಿದಳು. ಜಲದ ಅರ್ಥ ಬಿಡಿಸುವ ಗತ್ತಿನಲ್ಲಿ ದಾರಿಯ ಮಾತು ಪತ್ರದಲ್ಲಿ ಎಲ್ಲಿದೆ ಎಂದು ನಾನು ಹುಡುಕಲಿಲ್ಲ. ಅದು ಎಲ್ಲೂ ಇರಲಿಲ್ಲ. ಬರೆದದ್ದನ್ನಷ್ಟೇ ಓದಲು ಕಲಿತಿದ್ದೆ ಎಂದು ಈಗ ಬರೆಯುವುದೂ ನೆಪವೇ.

ಬೇಸಿಗೆಗೆ ತಂತಿ ಬೇಲಿ ಬಂತು. ಬೀಜ ಕಟ್ಟಿಕೊಂಡು ಹೋದ ಅತ್ತಿಯನ್ನು ತಡೆದು, ದಾರಿ ಬರೆದ ಕಾಗದ ತೋರಿಸು ಎಂದನಂತೆ ಕಾವಲಿನವನು. ಅವಳು ಸಂತೆಯಿಂದ ಸವತಿಕಾಯಿ ಕೊಂಡು ತಂದು ನನ್ನೆದುರಿಗೇ ಹೆಚ್ಚಿದಳು, ಅಷ್ಟೇ.

ಮರುವರ್ಷ ಬೇಲಿಯೊಳಗೆ, ದಂಡೆಯ ಮೇಲೆ ಒಂದು ಪಂಪು ಕೂತಿತು. ಅದರ ಪೈಪು ಹೋಗುತ್ತಿದ್ದುದು ಕಾಕಾನ ಕಬ್ಬಿಗೆ. ಒಂದು ಮಧ್ಯಾಹ್ನ ಅವರು ನಮ್ಮ ಮನೆಯಲ್ಲಿ ಉಂಡು, ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಕುಳಿತಾಗ ಕೇಳಿದೆ.

“ಕಾಕಾ, ಪತ್ರ ಬರಸೂ ಮುಂದ ನೀವ ಕುಂತಿದ್ರಿ. ಅತ್ತಿಯ ದಾರಿ ಬರಸೂದು ನೀವು ಮರತ್ರೇನು, ನೀವ ಬ್ಯಾಡಂದ್ರೇನು?”